ಮಲೆನಾಡಿನ ಮಳೆಗಾಲಕ್ಕೆ ಯಾವ ಗೇಮ್: ಲೈನ್ ಕಿತ್ತು ನೋಡಿದ ಹೋಲಿಕೆ

ಜೂನ್ ಬಂತೆಂದರೆ ಹೊಸನಗರ, ತೀರ್ಥಹಳ್ಳಿ, ಸಾಗರದ ಒಳ ಊರುಗಳಲ್ಲಿ ಫೈಬರ್ ಇದ್ದ ಮಾತ್ರಕ್ಕೆ ಇಂಟರ್ನೆಟ್ ಇದೆ ಎಂದು ಹೇಳಲಾಗದು. ಎಷ್ಟೋ ಕಡೆ ಕೇಬಲ್ ಎಳೆದಿರುವುದು ಕರೆಂಟ್ ಕಂಬದ ಮೇಲೆಯೇ. ಗಾಳಿಗೆ ಒಂದು ಮರ ಉರುಳಿದರೆ ಎರಡೂ ಹೋಗುತ್ತವೆ. ಲೈನ್‌ಮನ್ ಬಂದು ಕರೆಂಟ್ ಕೊಟ್ಟ ಮೇಲೂ ಫೈಬರ್ ಜಾಯಿಂಟ್ ಮಾಡುವವರನ್ನು ಕಾಯಬೇಕು. ಹಾಗಾಗಿ ಇಲ್ಲಿ ಗೇಮ್ ಕೊಳ್ಳುವವರು ಗ್ರಾಫಿಕ್ಸ್ ನೋಡುವ ಮೊದಲು ಕಾಪಿ ತಡೆಯುವ ಬೀಗ ಯಾವ ಬಗೆಯದು ಎಂದು ನೋಡಬೇಕು.

ಪರೀಕ್ಷೆ ಸುಲಭ. ಗೇಮ್ ಇನ್‌ಸ್ಟಾಲ್ ಮಾಡಿ, ಅಪ್‌ಡೇಟ್ ಮುಗಿಸಿ, ಒಮ್ಮೆ ಮೇನ್ ಮೆನುವರೆಗೆ ಹೋಗಿ ಬನ್ನಿ. ಆಮೇಲೆ ಲ್ಯಾನ್ ವೈರ್ ಕಿತ್ತು ಮೂರು ಸಂಗತಿ ನೋಡಿ: ಆಡುತ್ತಿರುವಾಗ ಏನಾಗುತ್ತದೆ, ಗೇಮ್ ಮುಚ್ಚಿ ತೆರೆದರೆ ಏನಾಗುತ್ತದೆ, ಕಂಪ್ಯೂಟರನ್ನೇ ರೀಸ್ಟಾರ್ಟ್ ಮಾಡಿದರೆ ಏನಾಗುತ್ತದೆ. ಮೂರನೆಯದೇ ಮುಖ್ಯ, ಯಾಕೆಂದರೆ ನಮ್ಮಲ್ಲಿ ಲೈನ್ ಹೋಗುವುದು ಕರೆಂಟಿನ ಜೊತೆಗೆ.

ಒಬ್ಬರೇ ಆಡುವ ಗೇಮಿಗೂ ಸದಾ ಕಂಪನಿಯ ಸರ್ವರ್ ಸಂಪರ್ಕ ಬೇಕೆನ್ನುವ ಬಗೆ ಮೊದಲ ಹಂತದಲ್ಲೇ ಬೀಳುತ್ತದೆ. ಮನೆ ನಮ್ಮದು, ಬೀಗದ ಕೈ ಪಕ್ಕದೂರಿನವರ ಹತ್ತಿರ ಎಂಬಂಥ ವ್ಯವಸ್ಥೆ ಇದು. 2010ರಲ್ಲಿ ಯೂಬಿಸಾಫ್ಟ್ ಅಸ್ಯಾಸಿನ್ಸ್ ಕ್ರೀಡ್ 2ರ ಪಿಸಿ ಆವೃತ್ತಿಗೆ ಇದನ್ನು ಹಾಕಿತು. ಬಿಡುಗಡೆಯ ದಿನಗಳಲ್ಲೇ ಸರ್ವರ್ ಮೇಲೆ ದಾಳಿಯಾಗಿ, ದುಡ್ಡು ಕೊಟ್ಟವರು ಆಡಲಾಗದೆ ಕೂತರು. 2012ರ ಮೇ ತಿಂಗಳಲ್ಲಿ ಡಯಾಬ್ಲೊ 3 ಬಂದಾಗ ಸರ್ವರ್ ತುಂಬಿ ಒಳಗೇ ಬಿಡದ ಎರರ್ 37. 2013ರಲ್ಲಿ ಸಿಮ್‌ಸಿಟಿಯದೂ ಅದೇ ಕಥೆ. ಸರ್ವರ್ ಇಲ್ಲದೆ ನಡೆಸಬೇಕಾದರೆ ಭಾರೀ ಕೆಲಸವಿದೆ ಎಂದು ತಯಾರಕರೇ ಹೇಳಿದ್ದ ಆ ಗೇಮಿಗೆ ಮರುವರ್ಷದ ಮಾರ್ಚ್‌ನಲ್ಲಿ ಆಫ್‌ಲೈನ್ ಮೋಡ್ ಬಂದೇ ಬಂತು! ಇನ್ನು ಯೂಬಿಸಾಫ್ಟಿನದೇ ರೇಸಿಂಗ್ ಗೇಮ್ ದಿ ಕ್ರೂ ಸರ್ವರ್ 2024ರ ಮಾರ್ಚ್ 31ಕ್ಕೆ ನಿಂತ ಮೇಲೆ ಡಿಸ್ಕ್ ಕೈಯಲ್ಲಿದ್ದವರಿಗೂ ಗೇಮ್ ಇಲ್ಲ. ಸ್ಟಾಪ್ ಕಿಲ್ಲಿಂಗ್ ಗೇಮ್ಸ್ ಚಳವಳಿ ಹುಟ್ಟಿದ್ದು ಆ ಸಿಟ್ಟಿನಿಂದಲೇ. ಯುರೋಪಿನಲ್ಲಿ ಅದರ ಮನವಿಗೆ 2025ರ ಜುಲೈ ಹೊತ್ತಿಗೆ 10 ಲಕ್ಷಕ್ಕೂ ಹೆಚ್ಚು ಸಹಿ ಬಿದ್ದವು.

ರೂಟರಿಗೆ 12 ವೋಲ್ಟಿನ ಮಿನಿ ಯುಪಿಎಸ್ ಹಾಕಿದರೆ ಸಾಕಲ್ಲ ಎನ್ನುವವರಿದ್ದಾರೆ. ಹೋದದ್ದು ಕರೆಂಟ್ ಮಾತ್ರವಾದರೆ ಅದು ಸಾಕು, ಸರಿ. ಆದರೆ ಫೈಬರ್ ಡಬ್ಬಿಯಲ್ಲಿ ಎಲ್‌ಒಎಸ್ ದೀಪ ಕೆಂಪಗೆ ಮಿಣುಕುತ್ತಿದೆ ಎಂದರೆ ಆ ಕಡೆಯಿಂದ ಬೆಳಕೇ ಬರುತ್ತಿಲ್ಲ: ಒಂದೋ ದಾರಿಯಲ್ಲಿ ಕೇಬಲ್ ತುಂಡಾಗಿದೆ, ಇಲ್ಲವೇ ಆ ತುದಿಯ ಯಂತ್ರಕ್ಕೆ ಕರೆಂಟಿಲ್ಲ. ನಿಮ್ಮ ಬ್ಯಾಟರಿ ಆಗ ಏನೂ ಮಾಡದು. ಮೊಬೈಲ್ ಹಾಟ್‌ಸ್ಪಾಟಿಗೆ ಬದಲಾದರೆ ಐಪಿ ವಿಳಾಸ ಬದಲಾಗಿ ಸೆಷನ್ ಸಾಮಾನ್ಯವಾಗಿ ಮುರಿಯುತ್ತದೆ, ಮತ್ತೆ ಲಾಗಿನ್ ಆಗಬೇಕು. ಟವರಿನ ಬ್ಯಾಟರಿ ಇರುವಷ್ಟು ಹೊತ್ತು ಅದೂ.

ಡಿನ್ಯೂವೊ ಎಂಬ ಇನ್ನೊಂದು ಕಾಪಿ ತಡೆ ಬೀಗವನ್ನು ಸದಾ ಸರ್ವರ್ ಕೇಳುವವುಗಳ ಸಾಲಿಗೆ ಸೇರಿಸಿ ಬೈಯುವುದು ತಪ್ಪು. ಅದಕ್ಕೆ ಸದಾ ಇಂಟರ್ನೆಟ್ ಬೇಡ. ಮೊದಲ ಸಲ ಸರ್ವರಿನಿಂದ ನಿಮ್ಮ ಯಂತ್ರಕ್ಕೆ ಕಟ್ಟಿದ ಒಂದು ಟೋಕನ್, ಅಂದರೆ ಅನುಮತಿ ಚೀಟಿ, ತಂದಿಟ್ಟುಕೊಳ್ಳುತ್ತದೆ, ಅದಿರುವವರೆಗೆ ವೈರ್ ಕಿತ್ತರೂ ಗೇಮ್ ತೆರೆಯುತ್ತದೆ. ತೊಂದರೆ ಬರುವುದು ಟೋಕನ್ ಕೆಟ್ಟಾಗ. ಗೇಮ್ ಅಪ್‌ಡೇಟ್, ಪ್ರೊಸೆಸರ್ ಬದಲಾವಣೆ, ಲಿನಕ್ಸ್‌ನಲ್ಲಾದರೆ ವಿಂಡೋಸ್ ಗೇಮ್ ನಡೆಸುವ ಪ್ರೋಟಾನ್‌ನ ಆವೃತ್ತಿ ಬದಲಾವಣೆ, ಇವು ಸಾಮಾನ್ಯ ಕಾರಣಗಳು. ರಾತ್ರಿ ಅಪ್‌ಡೇಟ್ ಇಳಿದು ಬೆಳಿಗ್ಗೆ ಲೈನ್ ಹೋದರೆ ಸಿಕ್ಕಿಬಿದ್ದಿರಿ. ಅಪ್‌ಡೇಟ್ ಆದ ಕೂಡಲೇ ಒಮ್ಮೆ ತೆರೆದು ಮುಚ್ಚುವುದೊಂದೇ ಉಪಾಯ. ಅಂದಹಾಗೆ, ಬೀಗ ಒಡೆದ ಕದ್ದ ಪ್ರತಿಯಲ್ಲಿ ಈ ತಪಾಸಣೆಯನ್ನು ತೆಗೆದಿರುತ್ತಾರೆ, ಇಲ್ಲವೇ ಏಮಾರಿಸಿರುತ್ತಾರೆ. ಬೀಗದ ಕಾಟವೆಲ್ಲ ಕೊಂಡವರಿಗೇ.

ಗೇಮ್ ಮಾರುವ ಆನ್‌ಲೈನ್ ಅಂಗಡಿ ಸ್ಟೀಮ್ ನಮ್ಮ ಕಡೆಗೆ ತಕ್ಕಮಟ್ಟಿಗೆ ಹೊಂದುತ್ತದೆ, ಮೊದಲೇ ತಯಾರಿ ಮಾಡಿಟ್ಟುಕೊಂಡರೆ. ಲಾಗಿನ್ ಆಗುವಾಗ ರಿಮೆಂಬರ್ ಮಿ ಎಂಬ ಆಯ್ಕೆಗೆ ಟಿಕ್ ಹಾಕಿ. ಗೇಮನ್ನು ಆನ್‌ಲೈನ್ ಇರುವಾಗಲೇ ಒಮ್ಮೆ ನಡೆಸಿ. ಆಮೇಲೆ ಎಡ ಮೇಲ್ತುದಿಯ ಸ್ಟೀಮ್ ಮೆನುವಿನಲ್ಲಿ ಗೋ ಆಫ್‌ಲೈನ್ ಒತ್ತಿ. ಅಪ್‌ಡೇಟ್ ಅರ್ಧಕ್ಕೆ ನಿಂತಿದ್ದರೆ ಗೇಮ್ ತೆರೆಯದು, ಆದ್ದರಿಂದ ಪ್ರಾಪರ್ಟೀಸ್‌ನಲ್ಲಿ ಗೇಮ್ ತೆರೆದಾಗ ಮಾತ್ರ ಅಪ್‌ಡೇಟ್ ಮಾಡು ಎಂಬುದನ್ನು ಆರಿಸಿಟ್ಟಿರಿ. ಸ್ಟೀಮಿನಲ್ಲೇ ಕೊಂಡರೂ ಹಿನ್ನೆಲೆಯಲ್ಲಿ ಯೂಬಿಸಾಫ್ಟ್ ಅಥವಾ ಇಎ ಕಂಪನಿಯ ಲಾಂಚರ್, ಅಂದರೆ ಗೇಮ್ ಶುರುಮಾಡುವ ಅವರದೇ ಪ್ರೋಗ್ರಾಂ, ತೆರೆಯುವ ಗೇಮ್‌ಗಳಿವೆ. ಅಲ್ಲಿಯೂ ಮೊದಲೇ ಲಾಗಿನ್ ಆಗಿರಬೇಕು, ಇಲ್ಲದಿದ್ದರೆ ಸ್ಟೀಮ್ ಸರಿಯಿದ್ದೂ ಗೇಮ್ ಏಳುವುದಿಲ್ಲ.

ಇಲ್ಲಿ ಯಾರೂ ಅನುಮಾನಿಸದ ಒಂದು ವಸ್ತುವಿದೆ: ಮದರ್‌ಬೋರ್ಡಿನ ಸಿಆರ್2032 ಬಟನ್ ಸೆಲ್. ಸಿಡಿಲಿಗೆ ಹೆದರಿ ನಾವು ಪ್ಲಗ್ ಕಿತ್ತಿಡುತ್ತೇವೆ. ಆಗ ಗಡಿಯಾರ ನಡೆಯುವುದು ಆ ಸೆಲ್ಲಿನಿಂದ, ಹಾಗಾಗಿ ಅದು ಬೇಗ ಮುಗಿಯುತ್ತದೆ. ದಿನಾಂಕ ಹಲವು ವರ್ಷ ಹಿಂದಕ್ಕೆ ಹೋಗಿ ಕೂತರೆ ಲೈನ್ ಇದ್ದರೂ ಸರ್ವರಿನ ಸರ್ಟಿಫಿಕೇಟ್, ಅಂದರೆ ಅವಧಿ ನಮೂದಿಸಿದ ಅದರ ಗುರುತಿನ ಚೀಟಿ, ಒಪ್ಪಿಗೆಯಾಗದೆ ಲಾಗಿನ್ ವಿಫಲವಾಗುತ್ತದೆ. ಲಾಂಚರನ್ನು ಕಿತ್ತು ಹಾಕುವ ಮೊದಲು ಪರದೆಯ ಮೂಲೆಯ ತಾರೀಕು ನೋಡಿ.

ಮೂರೂ ಹಂತ ದಾಟುವುದು ಬೀಗವಿಲ್ಲದೆ ಗೇಮ್ ಮಾರುವ ಆನ್‌ಲೈನ್ ಅಂಗಡಿ ಜಿಒಜಿಯ ಇನ್‌ಸ್ಟಾಲರ್. ಗ್ಯಾಲಕ್ಸಿ ಎಂಬ ಅವರ ಲಾಂಚರೂ ಕಡ್ಡಾಯವಲ್ಲ. ಖಾತೆಯಲ್ಲಿ ಆಫ್‌ಲೈನ್ ಬ್ಯಾಕಪ್ ಇನ್‌ಸ್ಟಾಲರ್ ಆರಿಸಿದರೆ ಒಂದು ಇಎಕ್ಸ್‌ಇ ಫೈಲು, ದೊಡ್ಡ ಗೇಮಾದರೆ ಜೊತೆಗೆ ಹಲವು ಬಿನ್ ಫೈಲುಗಳು ಸಿಗುತ್ತವೆ. ಎಲ್ಲವೂ ಒಂದೇ ಫೋಲ್ಡರಿನಲ್ಲಿರಬೇಕು. ಒಂದು ಬಿನ್ ಬಿಟ್ಟುಹೋದರೂ ಇನ್‌ಸ್ಟಾಲ್ ಅರ್ಧದಲ್ಲಿ ನಿಂತು ಮುಂದಿನ ಡಿಸ್ಕ್ ಹಾಕಿ ಎನ್ನುತ್ತದೆ. ಶಿವಮೊಗ್ಗದಲ್ಲಿ ಒಳ್ಳೆಯ ಲೈನ್ ಇರುವ ನೆಂಟರ ಮನೆಯಲ್ಲಿ ಇಳಿಸಿಕೊಂಡು ಹಾರ್ಡ್‌ಡಿಸ್ಕಿನಲ್ಲಿ ತರಬಹುದು. ಡಿಸ್ಕನ್ನು ಎಕ್ಸ್‌ಫ್ಯಾಟ್ ಅಥವಾ ಎನ್‌ಟಿಎಫ್‌ಎಸ್‌ಗೆ ಫಾರ್ಮ್ಯಾಟ್ ಮಾಡಿ. ಫ್ಯಾಟ್32 ಆದರೆ 4 ಜಿಬಿ ದಾಟಿದ ಫೈಲು ಹಿಡಿಸದು. ತಂದ ಮೇಲೆ ಒಮ್ಮೆ ಪೂರ್ತಿ ಇನ್‌ಸ್ಟಾಲ್ ಮಾಡಿ ನೋಡಿಯೇ ಬ್ಯಾಕಪ್ ಎನ್ನಿ. ಕೊರತೆಯೂ ಇದೆ: ಎಷ್ಟೋ ದೊಡ್ಡ ಹೊಸ ಗೇಮ್ ಅಲ್ಲಿಗೆ ತಡವಾಗಿ ಬರುತ್ತವೆ, ಕೆಲವು ಬರುವುದೇ ಇಲ್ಲ. 2021ರಲ್ಲಿ ಹಿಟ್‌ಮ್ಯಾನ್ ಅಲ್ಲಿಗೆ ಬಂದಾಗ ಅರ್ಧ ಸವಲತ್ತು ಆನ್‌ಲೈನ್ ಕೇಳುತ್ತದೆಂದು ಗ್ರಾಹಕರು ಹರಿಹಾಯ್ದರು. ಕೆಲವೇ ವಾರಗಳಲ್ಲಿ ಅದನ್ನು ತೆಗೆಯಬೇಕಾಯಿತು.

ಎರಡೂ ಕಡೆ ಸಿಗುವ ಗೇಮಾದರೆ, ಉದಾಹರಣೆಗೆ ವಿಚರ್ 3 ಅಥವಾ ಸೈಬರ್‌ಪಂಕ್ 2077, ಜಿಒಜಿಯಲ್ಲೇ ಕೊಳ್ಳಿ. ಸ್ಟೀಮಿನಲ್ಲಿ ಮಾತ್ರ ಇದ್ದರೆ ಪುಟದ ಬಲಬದಿಯ ಚೌಕ ಓದಿ, ಡಿನ್ಯೂವೊ ಅಥವಾ ಬೇರೆ ಕಂಪನಿಯ ಖಾತೆ ಬೇಕೆಂದು ಅಲ್ಲಿ ಬರೆದಿರುತ್ತದೆ. ಸದಾ ಸರ್ವರ್ ಕೇಳುವ ಸಿಂಗಲ್ ಪ್ಲೇಯರ್ ಗೇಮಿಗೆ ಪೂರ್ತಿ ಬೆಲೆ ದಂಡ. ಅನುಮಾನವಿದ್ದರೆ ಕೊಂಡ ದಿನವೇ ಲ್ಯಾನ್ ವೈರ್ ಕೀಳಿ: 14 ದಿನದೊಳಗೆ, ಆಡಿದ್ದು 2 ಗಂಟೆಗಿಂತ ಕಡಿಮೆಯಿದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಲಾಂಚರ್ ಜೊತೆ ಗುದ್ದಾಡಿದ ಹೊತ್ತೂ ಆ 2 ಗಂಟೆಯ ಲೆಕ್ಕಕ್ಕೆ ಸೇರಬಹುದು, ನೆನಪಿರಲಿ.