ಹದ್ದಿನ ಬೆಲ್ಟು: ತಗಡು ಬಂಗಾರ, ಪಟ್ಟಿ ದಂಡ

ಬೆಳಗಾವಿಯ ಮಳೆಗಾಲ ಕಾಣದ ಚರ್ಮದ ವಸ್ತುವಿಗೆ ಯಾರಾದರೂ ಐದು ಸ್ಟಾರ್ ಕೊಟ್ಟರೆ ನಾನು ನಂಬುವುದಿಲ್ಲ. ಅದಕ್ಕೇ ಈ ಬೆಲ್ಟಿನ ಬಗ್ಗೆ ಬರೆಯಲು ಇಷ್ಟು ದಿನ ಕಾದೆ.

ಕೊಂಡದ್ದು ಕುಸ್ತಿ ಚಾಂಪಿಯನ್ನರು ಕಟ್ಟುತ್ತಿದ್ದ ವಿಂಗ್ಡ್ ಈಗಲ್ ಬೆಲ್ಟಿನ ಪ್ರತಿರೂಪ: ಪಟ್ಟಿಯ ಮೇಲೆ ಹದ್ದು ಕೆತ್ತಿದ ಲೋಹದ ತಗಡು. ನಮ್ಮ ದೋಸ್ತರೆಲ್ಲ ಹದ್ದಿನ ಬೆಲ್ಟು ಅಂತಲೇ ಕರೆಯುತ್ತಾರೆ. 1988ರಿಂದ 1998ರವರೆಗೆ ಡಬ್ಲ್ಯೂಡಬ್ಲ್ಯೂಎಫ್ (ಅಮೆರಿಕದ ಕುಸ್ತಿ ಕಂಪನಿ, ಈಗಿನ ಡಬ್ಲ್ಯೂಡಬ್ಲ್ಯೂಇ) ಚಾಂಪಿಯನ್ ಸೊಂಟದ ಮೇಲೆ ಇದ್ದದ್ದು ಇದೇ. ತೂಕ ಎಷ್ಟು, ತಗಡು ಎಷ್ಟು ಮಿಲಿಮೀಟರ್ ಅನ್ನೋದೆಲ್ಲ ಮಾರುವವರ ಪುಟದಲ್ಲಿ ಇರುತ್ತದೆ, ಅಲ್ಲೇ ನೋಡಿಕೊಳ್ಳಿ. ಪರವಾನಗಿ ಇರುವ ಬೆಲ್ಟಿನ ಬೆಲೆ ಡಾಲರ್‌ನಲ್ಲಿ, ಅದರ ಮೇಲೆ ಕಸ್ಟಮ್ಸ್ ಸುಂಕ ಬೇರೆ. ನಮ್ಮ ಸಂಬಳಕ್ಕೆ ಅದು ಆಗದ ಮಾತು. ಹಾಗಾಗಿ ಎಲ್ಲರೂ ವಂತಿಗೆ ಹಾಕಿ ಆನ್‌ಲೈನ್‌ನಲ್ಲಿ ಅಗ್ಗದ ಪ್ರತಿರೂಪ ತರಿಸಿದೆವು.

ಇದೇ ಯಾಕೆ? ರ‍್ಯಾಂಡಿ ಸ್ಯಾವೇಜ್, ಅಲ್ಟಿಮೇಟ್ ವಾರಿಯರ್, ರಿಕ್ ಫ್ಲೇರ್, ಬ್ರೆಟ್ ಹಾರ್ಟ್, ಅಂಡರ್‌ಟೇಕರ್, ಶಾನ್ ಮೈಕಲ್ಸ್. ಇಷ್ಟು ಮಂದಿ ಎತ್ತಿ ಹಿಡಿದ ಬೆಲ್ಟು ಬೇರೆ ಯಾವುದಿದೆ ಹೇಳಿ. ಸ್ಟೀವ್ ಆಸ್ಟಿನ್ ಕೂಡ 1998ರ ಮಾರ್ಚ್ 29ರಂದು ಕಂಪನಿಯ ವರ್ಷದ ದೊಡ್ಡ ಕುಸ್ತಿ ಮೇಳ ರೆಸಲ್‌ಮೇನಿಯಾ 14ರಲ್ಲಿ ಗೆದ್ದದ್ದು ಇದನ್ನೇ. ಮರುದಿನವೇ ಅವನ ಕೈಗೆ ಹೊಸ ಬೆಲ್ಟು ಬಂತು. ಆ ಹೊಸದು ಇನ್ನೂ ದೊಡ್ಡದು, ಆದರೆ ನನಗೆ ಹಳೆಯದರ ಅಳತೆಯೇ ಚಂದ. ಇದನ್ನು ರೂಪಿಸಿದ ರೆಗ್ಗಿ ಪಾರ್ಕ್ಸ್ ಸ್ವತಃ ಕುಸ್ತಿ ಆಡಿದ ಮನುಷ್ಯ. ಸೊಂಟಕ್ಕೆ ಏನು ಒಪ್ಪುತ್ತದೆ ಅಂತ ಅವನಿಗೆ ಗೊತ್ತಿತ್ತು.

ಮೊದಲು ತಗಡಿನ ಮಾತು. ಅದರಲ್ಲಿ ತಕರಾರೇ ಇಲ್ಲ. ಹದ್ದಿನ ರೆಕ್ಕೆಯ ಮೇಲೆ ಬೆರಳಾಡಿಸಿದರೆ ಒಂದೊಂದು ಗರಿಯೂ ಬೇರೆಬೇರೆ ಸಿಗುತ್ತದೆ. ಟ್ಯೂಬ್‌ಲೈಟ್ ಬೆಳಕಿಗಿಂತ ಬೆಳಗಿನ ಬಿಸಿಲಲ್ಲಿ ನೋಡಬೇಕು ಅದನ್ನ. ಒಂದು ಮೂಲೆಯಲ್ಲಿ ಮಾತ್ರ ಬಂಗಾರದ ಬಣ್ಣ ಹೋಗಿ ಬೆಳ್ಳಗಾಗಿದೆ. ಒಬ್ಬ ದೋಸ್ತನ ಅವ್ವ ದೇವರ ದೀಪದ ಸಮೆ ತೊಳೆಯುವಾಗ ಇದನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕಿಬಿಟ್ಟರು. ಹಿತ್ತಾಳೆಗೆ ಹುಣಸೆ ಸರಿ, ಬರೀ ಮೇಲ್ಲೇಪದ ತಗಡಿಗೆ ಬೇಡ. ಒಣಗಿದ ಹಳೇ ಧೋತರದ ತುಂಡು ಸಾಕು. ಈಗ ನಾವು ಅದರಿಂದಲೇ ಒರೆಸುತ್ತೇವೆ. ನಡುವಿನ ದೊಡ್ಡ ತಗಡು ಮೊದಲು, ಪಕ್ಕದವು ಆಮೇಲೆ, ಸ್ಕ್ರೂ ತಲೆ ಕೊನೆಗೆ.

ಒರೆಸುವುದು ಪ್ರತಿ ಭಾನುವಾರ ಬೆಳಿಗ್ಗೆ, ಟಿಳಕವಾಡಿಯ ಚಹಾದಂಗಡಿಯಲ್ಲಿ. ಮೇಜಿನ ಮೇಲಿನ ಚಹಾದ ಕಲೆ ಅಳಿಸಿ, ಒಂದು ಪೇಪರ್ ಹಾಸಿ, ಆಮೇಲೆ ಚೀಲದಿಂದ ಬೆಲ್ಟು ಹೊರಗೆ. ನಿಯಮ ಇಷ್ಟೇ: ಬೆಲ್ಟು ಯಾರ ಹತ್ರ ಇದೆಯೋ ಅವನಿಗೆ ಉಳಿದವರು ಪ್ರಶ್ನೆ ಹಾಕಬೇಕು. ಯಾರು, ಯಾರ ಮೇಲೆ, ಯಾವ ವರ್ಷ, ಎಲ್ಲಿ. ನಾಲ್ಕೂ ಹೇಳಬೇಕು. ತಪ್ಪಿದರೆ ಕೇಳಿದವನ ಮನೆಗೆ ಬೆಲ್ಟು ಹೋಗುತ್ತದೆ, ಮುಂದಿನ ಭಾನುವಾರದವರೆಗೆ ಅವನ ಮನೆಯ ಮೊಳೆಗೆ.

ನಾನು ಈ ವಿಮರ್ಶೆ ಬರೆಯುತ್ತಿರುವುದೇ ಈ ಖುಷಿಗಾಗಿ. ಬೆಲ್ಟು ಬರುವ ಮೊದಲೂ ನಾವು ವಾದ ಮಾಡುತ್ತಿದ್ದೆವು. ಕುಸ್ತಿಪಟುಗಳ ಟ್ರಂಪ್ ಕಾರ್ಡಿನಲ್ಲಿ ಎದೆ, ತೋಳು, ತೂಕ ನೋಡಿ ಬೆಳೆದ ಹುಡುಗರು ನಾವು, ವಾದಕ್ಕೆ ಬರ ಇರಲಿಲ್ಲ. ಆದರೆ ದನಿ ದೊಡ್ಡದಿದ್ದವನೇ ಗೆಲ್ಲುತ್ತಿದ್ದ. ಮೇಜಿನ ಮೇಲೆ ಬೆಲ್ಟು ಬಂದ ಮೇಲೆ ಎಲ್ಲರೂ ಓದಿಕೊಂಡು ಬರತೊಡಗಿದರು. ಅಂಡರ್‌ಟೇಕರ್ ಸತ್ತು ಬದುಕಿ ಬಂದ ಅನ್ನುವ ಶಾಲೆಯ ಕಾಲದ ಕಥೆ ಹೋಗಿ, 1994ರ ಸಮ್ಮರ್‌ಸ್ಲ್ಯಾಮ್‌ನಲ್ಲಿ ಅವನ ಎದುರು ನಿಂತ ನಕಲಿ ಅಂಡರ್‌ಟೇಕರ್ ಬ್ರಯಾನ್ ಲೀ ಅನ್ನುವವನು ಅಂತ ಹೇಳುವಷ್ಟು ನಾವು ಮುಂದೆ ಬಂದಿದ್ದೇವೆ.

ಅತಿ ಹೆಚ್ಚು ಹೊತ್ತು ನಡೆದ ವಾದ 1988ರ ಫೆಬ್ರವರಿ 5ರದ್ದು. ಆ ರಾತ್ರಿ ಆಂಡ್ರೆ ದಿ ಜೈಂಟ್ ಆಗಿನ ಚಾಂಪಿಯನ್ ಹಲ್ಕ್ ಹೋಗನ್‌ನನ್ನು ಸೋಲಿಸಿದ. ಹೋಗನ್ ಭುಜ ಮೇಲೆತ್ತಿದ್ದರೂ ರೆಫರಿ ಮೂರು ಎಣಿಸಿಬಿಟ್ಟ. ಆಮೇಲೆ ನೋಡಿದರೆ ಅದೇ ಮುಖದ ಇನ್ನೊಬ್ಬ ರೆಫರಿ! ಡೇವ್ ಹೆಬ್ನರ್ ಜಾಗದಲ್ಲಿ ಅವನ ಅವಳಿ ಅರ್ಲ್ ಹೆಬ್ನರ್ ನಿಂತಿದ್ದ. ಆಂಡ್ರೆ ಬೆಲ್ಟನ್ನು ಅಲ್ಲೇ ಟೆಡ್ ಡಿಬಿಯಾಸಿಗೆ ಒಪ್ಪಿಸಿದ. ಮುಂದೆ ಟೈಟಲ್ ಖಾಲಿ ಅಂತ ಸಾರಿದರು, ರೆಸಲ್‌ಮೇನಿಯಾ 4ರ ಟೂರ್ನಮೆಂಟಿನಲ್ಲಿ ಸ್ಯಾವೇಜ್ ಗೆದ್ದ. ಹಾಗಾದರೆ ಡಿಬಿಯಾಸಿ ಚಾಂಪಿಯನ್ನೋ ಅಲ್ಲವೋ? ಕಂಪನಿಯ ದಾಖಲೆಯಲ್ಲಿ ಅಲ್ಲ. ಶಹಾಪುರದ ದೋಸ್ತ ಇವತ್ತಿಗೂ ಒಪ್ಪುವುದಿಲ್ಲ. “ಗೆದ್ದಾಂವ ಕೊಟ್ಟಾನ, ತಗೊಂಡಾಂವ ಕಟಗೊಂಡಾನ, ಮತ್ತೇನ ಬೇಕಲೇ?” ಅನ್ನುತ್ತಾನೆ. ನನ್ನ ಮಟ್ಟಿಗೆ ಟೈಟಲ್ ಗೆಲ್ಲಬೇಕು, ಕೈಬದಲು ಮಾಡಿದರೆ ಆಗಲಿಲ್ಲ. ಇನ್ನೊಂದು ಮಾತು: 1997ರ ನವೆಂಬರ್ 9ರಂದು ಮಾಂಟ್ರಿಯಲ್‌ನಲ್ಲಿ ಬ್ರೆಟ್ ಹಾರ್ಟ್ ಶರಣಾಗದೇ ಇದ್ದರೂ ಗಂಟೆ ಹೊಡೆಸಿದ ರೆಫರಿಯೂ ಇದೇ ಅರ್ಲ್ ಹೆಬ್ನರ್. ಎರಡು ಸಲವೂ ಕೈ ಬದಲಾದದ್ದು ಇದೇ ಟೈಟಲ್. ಇದನ್ನು ಕೇಳಿದ ದಿನ ಬೆಲ್ಟು ನನ್ನ ಮನೆಗೆ ಬಂತು.

ಅಂಗಡಿಗೆ ಬರುವ ಹಿರಿಯರೊಬ್ಬರಿದ್ದಾರೆ, ತಾಲೀಮಿನಲ್ಲಿ ಮಣ್ಣು ಮೈಗೆ ಹಚ್ಚಿಕೊಂಡು ಬೆಳೆದವರು. ಆನಂದವಾಡಿ ಅಖಾಡದ ಕುಸ್ತಿ ತಪ್ಪಿಸಿದವರಲ್ಲ. ಎಲ್ಲರಿಗೂ ಅವರು ಮಾಮಾ. ಒಂದು ದಿನ ಕೇಳಿದರು: “ತಮ್ಮಾ, ಯಾರು ಗೆಲ್ಲಬೇಕು ಅನ್ನೂದು ಮೊದಲ ಠರಾವ್ ಆಗಿರತದ. ಅದರ ಇತಿಹಾಸ ಯಾಕ ಬಾಯಿಪಾಠ ಮಾಡತೀರಿ?” ನಾನು ಹೇಳಿದೆ: “ಅದಕ್ಕೇ ಮಾಮಾ. ನಿಮ್ಮ ಕುಸ್ತಿಯಲ್ಲಿ ಗೆದ್ದವನಿಗೆ ಬೆಳ್ಳಿ ಗದೆ. ಇಲ್ಲಿ ಜನರನ್ನು ಸೆಳೆಯುತ್ತಾನೆ ಅಂತ ನಂಬಿದವನಿಗೆ ಬೆಲ್ಟು. ಯಾರನ್ನ ನಂಬಿದರು, ಯಾವಾಗ, ಯಾಕೆ ಅನ್ನೋದೇ ಇದರ ಇತಿಹಾಸ.” ನಾನು ಇದನ್ನು ಮನಸಾರೆ ನಂಬುತ್ತೇನೆ. 2017ರ ಮೇ 21ರಂದು ಭಾರತ ಮೂಲದ ಜಿಂದರ್ ಮಹಲ್ ರ‍್ಯಾಂಡಿ ಆರ್ಟನ್‌ನನ್ನು ಸೋಲಿಸಿ ಚಾಂಪಿಯನ್ ಆದದ್ದಕ್ಕೂ ನಮ್ಮ ದೇಶದ ಪ್ರೇಕ್ಷಕರ ಮೇಲೆ ಕಂಪನಿ ಇಟ್ಟ ಕಣ್ಣಿಗೂ ಸಂಬಂಧ ಇಲ್ಲ ಅನ್ನಲಾಗುತ್ತದೆಯೇ? ಮಾಮಾ ತಲೆಯಾಡಿಸಿ ದಾರಾ ಸಿಂಗ್ ಕಡೆ ಹೊರಳಿದರು. 1968ರಲ್ಲಿ ಮುಂಬೈಯಲ್ಲಿ ಅಮೆರಿಕದ ಲೂ ಥೆಜ್‌ನನ್ನು ಸೋಲಿಸಿದ್ದು ಅವರ ಲೆಕ್ಕದಲ್ಲಿ ಉಳಿದೆಲ್ಲದಕ್ಕಿಂತ ದೊಡ್ಡದು. ಅವರ ಮುಂದೆ ಯಾರೂ ಬೆಲ್ಟಿನ ನಿಯಮ ತೆಗೆಯುವುದಿಲ್ಲ.

ಈಗ ಪಟ್ಟಿಗೆ ಬರುತ್ತೇನೆ. ಸಿಟ್ಟು ಇನ್ನೂ ಇಳಿದಿಲ್ಲ.

ಜುಲೈ ಮಳೆ ಹಿಡಿದ ಮೇಲೆ ಮೊದಲು ಅಂಚಿಗೆ ಬಿಳೀ ಬೂಷ್ಟು ಬಂತು. ಒರೆಸಿದರೆ ಹೋಗುತ್ತಿತ್ತು, ಎರಡು ದಿನಕ್ಕೆ ಮತ್ತೆ. ಆಮೇಲೆ ಕರಿ ಹೊದಿಕೆ ಸುಲಿಯತೊಡಗಿತು. ಭುಜದ ಮೇಲೆ ಹಾಕಿಕೊಂಡು ಫೋಟೊ ತೆಗೆಸಿದರೆ ಅಂಗಿಯ ತುಂಬ ಕರಿ ಚೂರು. ಒಳಗೆ ನೋಡಿದರೆ ಚರ್ಮವೇ ಅಲ್ಲ, ಒತ್ತಿದ ರಟ್ಟಿನಂಥದ್ದು, ಮೇಲೆ ಪ್ಲಾಸ್ಟಿಕ್. ಟಿಚ್ ಬಟನ್ನುಗಳು ಒಂದೊಂದೇ ಕಿತ್ತು ಬಂದವು. “ಅಸಲಿ ಚರ್ಮ” ಅಂತ ಬರೆದು ಮಾರಿದವರಿಗೆ ಫೋಟೊ ಸಮೇತ ಕಳಿಸಿದೆ. ವಾಪಸ್ ಕೊಡುವ ಅವಧಿ ಮುಗಿದಿದೆ ಅಂತ ಒಂದು ಸಾಲಿನ ಉತ್ತರ. ಅಷ್ಟು ಚಂದ ತಗಡು ಎರಕ ಹೊಯ್ದವರು ಪಟ್ಟಿಗೆ ಇನ್ನೊಂದಿಷ್ಟು ಖರ್ಚು ಮಾಡಿದ್ದರೆ ಏನಾಗುತ್ತಿತ್ತು? ನಾವು ಜಾಸ್ತಿ ದುಡ್ಡು ಕೊಡಲು ತಯಾರಿದ್ದೆವು.

ಬೆಲ್ಟು ಕಟ್ಟಲು ಬಾರದಂತಾದ ಮೇಲೆ ಭಾನುವಾರದ ಸಭೆಯೂ ಸಡಿಲಾಯಿತು. ಮಂದಿ ತಡವಾಗಿ ಬರತೊಡಗಿದರು. ವರ್ಷ ಕೇಳಿದರೆ “ನನಗ ನೆನಪೈತಿ ಬಿಡೋ” ಅನ್ನುವುದೇ ಸಾಕ್ಷಿ ಆಯಿತು. ಹಳೇ ಗದ್ದಲ ವಾಪಸ್.

ದಾರಿ ಸಿಕ್ಕದ್ದು ನಮ್ಮ ಜಿಲ್ಲೆಯಲ್ಲೇ. ಗುಂಪಿನ ಒಬ್ಬನ ಬೀಗರ ಊರು ಅಥಣಿ ಕಡೆ. ಅಲ್ಲಿ ಚಪ್ಪಲಿ ಮಾಡುವವರ ಹತ್ರ ತಗಡುಗಳನ್ನು ಬಿಚ್ಚಿ ಒಯ್ದ. ಕೊಲ್ಹಾಪುರಿ ಚಪ್ಪಲಿ ಅಂದ ಕೂಡಲೇ ಎಲ್ಲರೂ ಮಹಾರಾಷ್ಟ್ರದ ಕಡೆ ನೋಡುತ್ತಾರೆ. 2019ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತಿನ) ಟ್ಯಾಗ್ ಬಂದಾಗ ಆ ಜಿಲ್ಲೆಗಳ ಯಾದಿಯಲ್ಲಿ ಬೆಳಗಾವಿ, ಬಾಗಲಕೋಟೆ, ವಿಜಯಪುರ, ಧಾರವಾಡವೂ ಇದ್ದವು. ಜಾಲಿ ತೊಗಟೆ, ಅಳಲೆಕಾಯಿ ಹಾಕಿ ಹದ ಮಾಡಿದ ಚರ್ಮ ಅದು. ಕುಶಲಿಗರು ತಗಡನ್ನು ಹಳೇ ಪಟ್ಟಿಯ ಮೇಲಿಟ್ಟು ಅಳತೆ ತೆಗೆದರು, ಎರಡು ಪದರ ಚರ್ಮ ಕೂಡಿಸಿದರು, ಅಂಚಿಗೆ ಕೈಹೊಲಿಗೆ ಹಾಕಿದರು. ಟಿಚ್ ಬಟನ್ ಬದಲು ಹಿತ್ತಾಳೆಯ ಬಕಲ್. ಮಾಡಿದ ಕೂಲಿ ಒಂದು ಜೊತೆ ಒಳ್ಳೆ ಚಪ್ಪಲಿಯ ಬೆಲೆಗಿಂತ ಹೆಚ್ಚಿಲ್ಲ.

ಬಂದ ದಿನ ಹೊಸ ಜಗಳ. ಪಟ್ಟಿ ಕರಿ ಅಲ್ಲ, ಕಂದು. ಇದು ಚಾಂಪಿಯನ್ ಬೆಲ್ಟೇ ಅಲ್ಲ ಅಂದ ಒಬ್ಬ. ನಾನು ವಾರಿಯರ್‌ನ ಹೆಸರು ತೆಗೆದೆ. 1990ರಲ್ಲಿ ಹೋಗನ್‌ನನ್ನು ಸೋಲಿಸಿದ ಮೇಲೆ ಅವನು ಇದೇ ಹದ್ದನ್ನು ಬಿಳೀ ಪಟ್ಟಿಯ ಮೇಲೆ ಕಟ್ಟಿಕೊಂಡು ಬಂದಿದ್ದ. ಪಟ್ಟಿ ಬದಲಾದರೆ ಟೈಟಲ್ ಬದಲಾಗುವುದಿಲ್ಲ, ತಗಡು ಬದಲಾದರೂ ಇಲ್ಲ. 1963ರ ಮೇ 17ರಂದು ಬ್ರೂನೋ ಸಮಾರ್ಟಿನೋ 48 ಸೆಕೆಂಡಿನಲ್ಲಿ ಬಡ್ಡಿ ರಾಜರ್ಸ್‌ನಿಂದ ಗೆದ್ದ ಟೈಟಲ್ಲೇ ಎಷ್ಟೋ ಬೆಲ್ಟು ದಾಟಿ ಇಲ್ಲಿಗೆ ಬಂದಿದೆ. ಬಿಗ್ ಗೋಲ್ಡ್ ಅನ್ನುವ ಇನ್ನೊಂದು ಬೆಲ್ಟಿನದು ಇದರ ಉಲ್ಟಾ: ಬೆಲ್ಟು ಅದೇ, ಟೈಟಲ್ ಬೇರೆ. 1986ರಲ್ಲಿ ಫ್ಲೇರ್‌ಗಾಗಿ ಮಾಡಿದ ಆ ರೂಪವೇ 2002ರಲ್ಲಿ ಟ್ರಿಪಲ್ ಎಚ್ ಕೈಗೆ ಬಂತು. 2007ರಲ್ಲಿ ನಮ್ಮ ಗ್ರೇಟ್ ಖಲಿ ಹೆಗಲ ಮೇಲೆ ಇದ್ದದ್ದೂ ಅದೇ. ಆದರೆ ಕಂಪನಿಯ ಲೆಕ್ಕದಲ್ಲಿ ಅದು ಹೊಸ ಟೈಟಲ್, ಹಳೆಯ ಸಾಲಿಗೆ ಸೇರುವುದಿಲ್ಲ. 2025ರಲ್ಲಿ ಜಾನ್ ಸೀನಾ 17ನೇ ಸಲ ಗೆದ್ದು ಫ್ಲೇರ್‌ನ 16 ದಾಟಿದ ಅನ್ನುವಾಗ, ಆ 17ರಲ್ಲಿ ಮೂರು ಈ ಬಿಗ್ ಗೋಲ್ಡ್‌ನವು ಅಂತ ಮರೆಯಬಾರದು.

ಆ ಭಾನುವಾರ ಚಹಾ ತಣ್ಣಗಾಯಿತು, ಯಾರೂ ಏಳಲಿಲ್ಲ. ಮಾತು 1979ರ ನವೆಂಬರ್ 30ಕ್ಕೆ ಹೋಯಿತು. ಜಪಾನಿನ ಟೊಕುಶಿಮಾದಲ್ಲಿ ಅಂಟೋನಿಯೊ ಇನೋಕಿ ಆಗಿನ ಚಾಂಪಿಯನ್ ಬಾಬ್ ಬ್ಯಾಕ್‌ಲಂಡ್‌ನನ್ನು ಸೋಲಿಸಿದ. ಮರುಪಂದ್ಯದಲ್ಲಿ ಪಂಜಾಬಿನಲ್ಲಿ ಹುಟ್ಟಿದ ಟೈಗರ್ ಜೀತ್ ಸಿಂಗ್ ನುಗ್ಗಿ ಕೆಡಿಸಿದ. ಕಂಪನಿ ಇನೋಕಿಯ ಗೆಲುವನ್ನೇ ಲೆಕ್ಕಕ್ಕೆ ಹಿಡಿಯದೆ ಬ್ಯಾಕ್‌ಲಂಡ್‌ನ ಆಳ್ವಿಕೆ 1978ರಿಂದ 1983ರವರೆಗೆ ಒಂದೇ ಅನ್ನುತ್ತದೆ. ಅಖಾಡದಲ್ಲಿ ಎಲ್ಲರೂ ಕಂಡ ಗೆಲುವನ್ನು ಪುಸ್ತಕದಿಂದ ಅಳಿಸಿದ್ದು ಅನ್ಯಾಯ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಈ ಒಂದು ವಿಷಯದಲ್ಲಿ ಮಾಮಾ ಕೂಡ ನನ್ನ ಕಡೆ.

ಅಥಣಿ ಪಟ್ಟಿ ಈಗ ಮಳೆಗಾಲ ಕಂಡಿದೆ. ಶುರುವಿನಲ್ಲಿ ಬಿರುಸಿತ್ತು, ಕಟ್ಟಿದರೆ ಸೊಂಟ ಹಿಡಿಯುತ್ತಿತ್ತು. ಹಾಕಿ ಹಾಕಿ ಮೆತ್ತಗಾಯಿತು. ಜೂನ್ ಮೊದಲು ತೆಳ್ಳಗೆ ಎಣ್ಣೆ ಕೈಯಾಡಿಸಿ, ಗಾಳಿ ಆಡುವ ಕಡೆ ನೇತು ಹಾಕಬೇಕು. ಪ್ಲಾಸ್ಟಿಕ್ ಚೀಲದಲ್ಲಿ ಮಾತ್ರ ಮುಚ್ಚಿಡಬೇಡಿ.

ತಗಡಿಗೆ ಐದಕ್ಕೆ ನಾಲ್ಕೂವರೆ. ಬಂದ ಪಟ್ಟಿಗೆ ಒಂದು, ಅದೂ ಅಳತೆಗೆ ಉಪಯೋಗ ಆಯಿತು ಅಂತ. ಒಬ್ಬರೇ ಕೊಂಡು ಗೋಡೆಗೆ ಹಾಕಲು ಈ ದುಡ್ಡು ಜಾಸ್ತಿ. ವಾದ ಮಾಡುವ ನಾಲ್ಕು ದೋಸ್ತರಿದ್ದರೆ ಧಾರಾಳ ಕೊಳ್ಳಿ. ನಮ್ಮ ಮುಂದಿನ ವಂತಿಗೆ ಬಿಗ್ ಗೋಲ್ಡ್‌ಗೆ. ಪಟ್ಟಿ ಇಲ್ಲದೆ ಬರೀ ತಗಡು ಕೊಡುವ ನಂಬಿಕಸ್ಥ ಮಾರಾಟಗಾರರು ಗೊತ್ತಿದ್ದರೆ ದಯವಿಟ್ಟು ತಿಳಿಸಿ.