ಮನೆಮಂದಿ ಜೊತೆ ಒಂದು ದಿನದ ಕಾಡು: ಸಕ್ರೆಬೈಲು, ಆಗುಂಬೆ, ಲಕ್ಕವಳ್ಳಿ, ತ್ಯಾವರೆಕೊಪ್ಪ

ಶಿವಮೊಗ್ಗದಿಂದ ಬೆಳಿಗ್ಗೆ ಹೊರಟು ದೀಪ ಹಚ್ಚುವ ಹೊತ್ತಿಗೆ ಮನೆ ಸೇರಬೇಕು, ಮಕ್ಕಳ ಕಣ್ಣಿಗೆ ಪ್ರಾಣಿ ಬೀಳಬೇಕು, ಮಂಡಿ ನೋವಿನ ಅಜ್ಜಿಗೂ ಹಿತವಾಗಿರಬೇಕು ಅಂದರೆ ನನ್ನ ಓಟು ಆನೆ ಬಿಡಾರದ ಸಕ್ರೆಬೈಲು, ಹಕ್ಕಿಗಳ ಮಂಡಗದ್ದೆ ದಾರಿಗೆ. ಉಳಿದ ಜಾಗಗಳಿಗೂ ಇದೇ ಮನೆಮಂದಿಯನ್ನು ಕಟ್ಟಿಕೊಂಡು ಹೋಗಿ ಬಂದೇ ಈ ಮಾತು ಹೇಳುತ್ತಿದ್ದೇನೆ.

ಮನೆಮಂದಿ ಅಂದರೆ ಎಪ್ಪತ್ತು ದಾಟಿದ ಅತ್ತೆ, ನಮ್ಮವರು, ಇಬ್ಬರು ಮಕ್ಕಳು. ರಜೆ ಬಂದರೆ ಬೆಂಗಳೂರಿನಿಂದ ನಾದಿನಿಯೂ ಅವಳ ಮಗನೂ ಸೇರಿಕೊಳ್ಳುತ್ತಾರೆ. ಇವರಲ್ಲಿ ಚಾರಣಕ್ಕೆ ಹೋಗುವವರು ಯಾರೂ ಇಲ್ಲ. ಹೋಟೆಲ್ ಊಟಕ್ಕಿಂತ ಬುತ್ತಿಯೇ ಇಷ್ಟ. ನಿಮ್ಮ ಮನೆಯಲ್ಲಿ ಬರೀ ಇಪ್ಪತ್ತೈದರ ಹುಡುಗರೇ ಇದ್ದರೆ ನನ್ನ ಲೆಕ್ಕ ನಿಮಗೆ ಹೊಂದುವುದಿಲ್ಲ.

ಮೊದಲು ತ್ಯಾವರೆಕೊಪ್ಪ. ಸಾಗರ ರಸ್ತೆಯಲ್ಲಿ ಹತ್ತು ಕಿಲೋಮೀಟರ್ ಆಸುಪಾಸು, 1988ರಲ್ಲಿ ಶುರುವಾದ ಹುಲಿ–ಸಿಂಹಧಾಮ. ಜಾಲರಿ ಬಸ್ಸಿನಲ್ಲಿ ಕೂತರೆ ಹುಲಿ, ಸಿಂಹ ಕಾಣುತ್ತವೆ. ಐದು ವರ್ಷದೊಳಗಿನ ಮಗುವಿಗೆ ಇದಕ್ಕಿಂತ ಬೇರೆ ಬೇಡ. ಅರ್ಧ ದಿನದ ಕೆಲಸ. ಮಂಗಳವಾರ ರಜೆ, ನೆನಪಿಡಿ. ಆದರೆ ಬೇಲಿಯೊಳಗಿನ ಹುಲಿ ನೋಡಿ ಬಂದರೆ ಕಾಡು ನೋಡಿದ ಹಾಗೆ ಆಗಲಿಲ್ಲ ಅಂತ ನನ್ನ ಮಗಳೇ ಹೇಳಿದಳು. ಅವಳ ಮಾತು ಸರಿ.

ಲಕ್ಕವಳ್ಳಿ ಅದಕ್ಕೆ ತದ್ವಿರುದ್ಧ. ಭದ್ರಾ ಹುಲಿ ಮೀಸಲು ಪ್ರದೇಶದ ನಿಜವಾದ ಕಾಡು. 1998ರಲ್ಲಿ ಹುಲಿ ಯೋಜನೆಗೆ ಸೇರಿದ್ದು. ಒಳಗಿದ್ದ ಹಳ್ಳಿಗಳ ಜನರಿಗೆ ಹೊರಗೆ ಜಮೀನು, ಮನೆ ಕೊಟ್ಟು ಸ್ಥಳಾಂತರಿಸಿದ ಮೇಲೆ ಕಾಡು ಚೆನ್ನಾಗಿ ಚೇತರಿಸಿಕೊಂಡಿದೆ. ಜೀಪ್ ಸಫಾರಿ ಇದೆ, ಹಿನ್ನೀರಿನಲ್ಲಿ ದೋಣಿ ಸಫಾರಿಯೂ ಇದೆ. ನನ್ನನ್ನು ಕೇಳಿದರೆ ದೋಣಿಯೇ ಮೇಲು. ಬೇಸಿಗೆಯಲ್ಲಿ ನೀರು ಇಳಿದಾಗ ನಡುವೆ ಮಣ್ಣಿನ ದಿಬ್ಬಗಳು ಮೇಲೇಳುತ್ತವೆ. ಅಲ್ಲಿ ರಿವರ್ ಟರ್ನ್ ಹಕ್ಕಿಗಳು ಸಾವಿರಗಟ್ಟಲೆ ಬಂದು ಬರಿ ನೆಲದಲ್ಲೇ ಮೊಟ್ಟೆ ಇಡುತ್ತವೆ. ಕಪ್ಪು ಟೋಪಿ, ಹಳದಿ ಕೊಕ್ಕು, ಕವಲೊಡೆದ ಬಾಲ. ಒಂದು ಮೀನು ಹಿಡಿದು ತಂದರೆ ಹತ್ತು ಬಂದು ಗಲಾಟೆ ಮಾಡುತ್ತವೆ. ಇಷ್ಟಾದರೂ ಮನೆಮಂದಿಗೆಲ್ಲ ಟಿಕೆಟ್ ತೆಗೆಸಿದರೆ ನಮ್ಮ ತಿಂಗಳ ಸುತ್ತಾಟದ ದುಡ್ಡು ಅಲ್ಲೇ ಮುಗಿಯುತ್ತದೆ. ಜೀಪಿನ ಕುಲುಕಾಟ ಅತ್ತೆಯ ಸೊಂಟಕ್ಕೆ ಆಗುವುದಿಲ್ಲ. ಹುಲಿ ಕಂಡೇ ಕಾಣುತ್ತದೆ ಅಂತ ಮಕ್ಕಳಿಗೆ ಆಸೆ ಹುಟ್ಟಿಸಿಕೊಂಡು ಹೋಗಬೇಡಿ. ಕಾಣದಿದ್ದರೆ ವಾಪಸ್ ಬರುವ ದಾರಿಯೆಲ್ಲ ಮುಖ ಊದಿಸಿಕೊಂಡಿರುತ್ತವೆ.

ಆಗುಂಬೆ ವಿಷಯಕ್ಕೆ ಸ್ವಲ್ಪ ಜಾಸ್ತಿ ಹೇಳಬೇಕು. ನಾದಿನಿಯ ಆಸೆ ಯಾವಾಗಲೂ ಅದೇ. ವರ್ಷಕ್ಕೆ ಸರಾಸರಿ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ, ಕಾಳಿಂಗ ಸರ್ಪದ ಊರು, ರೊಮುಲಸ್ ವಿಟೇಕರ್ 2005ರಲ್ಲಿ ಶುರು ಮಾಡಿದ ಮಳೆಕಾಡು ಸಂಶೋಧನಾ ಕೇಂದ್ರ ಇರುವ ಜಾಗ. ಹಸಿರು ಅಂದರೆ ಅಲ್ಲಿಯದೇ ಹಸಿರು. ಅದರಲ್ಲಿ ನನ್ನದೇನೂ ತಕರಾರಿಲ್ಲ. ನನ್ನ ತಕರಾರು ಉಂಬಳದ್ದು, ಅಂದರೆ ರಕ್ತ ಹೀರುವ ಕಾಡು ಜಿಗಣೆಯದ್ದು.

ಉಂಬಳ ಗೊತ್ತಿಲ್ಲದ ಮಲೆನಾಡಿನವರಿಲ್ಲ. ತೋಟದ ಕೆಲಸದವರು ಕಾಲಿಗೆ ಹತ್ತಿದ್ದನ್ನು ಮಾತಾಡುತ್ತಲೇ ಕಿತ್ತು ಎಸೆಯುತ್ತಾರೆ. ಪೇಟೆಯ ಮಕ್ಕಳಿಗೆ ಅದು ಹಾಗಲ್ಲ. ನಾವು ಹೋಗಿದ್ದು ಮಳೆಗಾಲ ಚೆನ್ನಾಗಿ ಹಿಡಿದ ಮೇಲೆ. ಜಲಪಾತ ನೋಡೋಣ ಅಂತ ಕಾಲುದಾರಿ ಹಿಡಿದೆವು. ದಾರಿಯ ತರಗೆಲೆಯ ತುದಿಯಲ್ಲಿ ಹೊಲಿಗೆ ದಾರದಷ್ಟು ತೆಳ್ಳಗಿನ ಉಂಬಳ ನೆಟ್ಟಗೆ ನಿಂತು, ಬಂದವರ ಕಡೆಗೆ ತಲೆ ಹೊರಳಿಸುತ್ತಿತ್ತು. ಹೆಜ್ಜೆಯ ಅದುರು, ಮೈಯ ಬಿಸಿ, ಬಿಟ್ಟ ಉಸಿರು ಎಲ್ಲ ಅದಕ್ಕೆ ಗೊತ್ತಾಗುತ್ತದೆ. ಬೂಟಿನ ಮೇಲೆ ಹತ್ತಿದ್ದು ಕಾಲುಚೀಲದ ನೇಯ್ಗೆಯ ಸಂದಿಯಲ್ಲೇ ತೂರಿ ಒಳಗೆ ಹೋಗುತ್ತದೆ. ಕಚ್ಚಿದ್ದು ನೋಯುವುದಿಲ್ಲ. ನೋವೂ ಇಲ್ಲ, ಉರಿಯೂ ಇಲ್ಲದೆ ಬಿಳಿ ಕಾಲುಚೀಲ ಕೆಂಪಾದಾಗ ನಾದಿನಿಯ ಮಗ ಕಿರುಚಿದ ಕಿರುಚಾಟಕ್ಕೆ ಮುಂದೆ ಹೋಗುತ್ತಿದ್ದವರೂ ತಿರುಗಿ ಬಂದರು. ಆಮೇಲೆ ಆ ಹುಡುಗ ಕಾರಿನಿಂದ ಇಳಿಯಲೇ ಇಲ್ಲ. ಹತ್ತಿರದ ಕುಂದಾದ್ರಿ ಬೆಟ್ಟಕ್ಕೆ ಮೇಲಿನವರೆಗೂ ರಸ್ತೆ ಇದೆ, ಕೊನೆಗೆ ಮೆಟ್ಟಿಲು ಅಷ್ಟೇ. ಅಲ್ಲಿಯೂ ಅವನು ಸೀಟು ಬಿಡಲಿಲ್ಲ.

ಅದಕ್ಕಿಂತ ಹೆದರಿಕೆಯಾಗಿದ್ದು ಅತ್ತೆಯದ್ದು. ಅವರು ದಾರಿಗೇ ಇಳಿದಿರಲಿಲ್ಲ. ಕಾರಿನ ಪಕ್ಕದ ಹುಲ್ಲಿನಲ್ಲಿ ನಿಂತಿದ್ದರು ಅಷ್ಟೇ. ಹಿಮ್ಮಡಿಯ ಮೇಲೆ ಒಂದು ಹತ್ತಿತ್ತು. ಅವರು ಹೃದಯಕ್ಕೆ ರಕ್ತ ತೆಳ್ಳಗಾಗುವ ಮಾತ್ರೆ ತೆಗೆದುಕೊಳ್ಳುವವರು. ಉಂಬಳದ ಜೊಲ್ಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಸ್ತು ಇರುತ್ತದೆ. ಅದು ಬಿದ್ದುಹೋದ ಮೇಲೂ ರಕ್ತ ಸುರಿಯುತ್ತಲೇ ಇರುವುದು ಅದಕ್ಕೇ. ಮಾತ್ರೆಯೂ ಸೇರಿದರೆ ಕೇಳಬೇಕೇ? ಮಡಚಿದ ಬಟ್ಟೆ ಒತ್ತಿ ಹಿಡಿದುಕೊಂಡು, ಕಾಲು ಎತ್ತರಕ್ಕೆ ಇಟ್ಟು ಕೂತರೂ ಬಹಳ ಹೊತ್ತು ರಕ್ತ ನಿಲ್ಲಲಿಲ್ಲ. "ಏನಾಗಲ್ಲ ಮಾರಾಯ್ತಿ, ನಾ ಗದ್ದೆ ನಾಟಿ ಮಾಡಿದವಳು" ಅಂತ ಅವರೇ ನನಗೆ ಧೈರ್ಯ ಹೇಳಿದರು. ನನಗೆ ಧೈರ್ಯ ಬರಲಿಲ್ಲ. ಮನೆಯಲ್ಲಿ ಇಂಥ ಮಾತ್ರೆ ತೆಗೆದುಕೊಳ್ಳುವವರು ಇದ್ದರೆ ಮಳೆಗಾಲದಲ್ಲಿ ಕಾಡಿನ ಹುಲ್ಲಿಗೆ ಕಾಲಿಡಿಸಲೇಬೇಡಿ.

ಹೋಗಲೇಬೇಕು ಅನ್ನುವವರು ಉಪ್ಪನ್ನೋ, ಸುಣ್ಣ ಬೆರೆಸಿದ ಹೊಗೆಸೊಪ್ಪನ್ನೋ ಬಟ್ಟೆಯಲ್ಲಿ ಗಂಟು ಕಟ್ಟಿ, ಕೋಲಿನ ತುದಿಗೆ ಬಿಗಿದುಕೊಳ್ಳಿ. ಆಗಾಗ ನಿಂತು ಬೂಟಿಗೆ ಒತ್ತುತ್ತಾ ಹೋಗಿ. ಹತ್ತಿದ್ದನ್ನು ಹಿಡಿದು ಜಗ್ಗಬೇಡಿ. ಬಾಯಿಯ ಪಕ್ಕ ಉಗುರು ಜಾರಿಸಿದರೆ ತಾನೇ ಬಿಡುತ್ತದೆ.

ಹಾಗಾದರೆ ಬೇಸಿಗೆಯಲ್ಲಿ ಹೋಗಬಹುದಲ್ವಾ ಅಂತ ಕೇಳುತ್ತೀರಿ. ಉಂಬಳ ಹೋದರೆ ಉಣುಗು ಬರುತ್ತದೆ. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ನಮ್ಮ ಜಿಲ್ಲೆಯದ್ದೇ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಾದದ್ದು. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಎಷ್ಟು ಮನೆಗಳಲ್ಲಿ ಸಾವಾಯಿತು ಅನ್ನುವುದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಹೆಚ್ಚಾಗಿ ಡಿಸೆಂಬರಿನಿಂದ ಮೇವರೆಗೆ ಅದರ ಕಾಲ. ತರಗೆಲೆಯ ಮೇಲಿರುವ ಮರಿ ಉಣುಗು ಕಣ್ಣಿಗೂ ಸರಿಯಾಗಿ ಕಾಣುವುದಿಲ್ಲ. ಮಂಗ ಸತ್ತ ಸುದ್ದಿ ಇರುವ ಕಡೆ ಹೋಗಲೇಬಾರದು. ಬೇರೆ ಕಡೆ ಹೋದರೂ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ, ತರಗೆಲೆ ಮೇಲೆ ಚಾಪೆ ಹಾಸಬೇಡಿ. ಮನೆಗೆ ಬಂದ ಕೂಡಲೇ ಬಟ್ಟೆ ಬಿಸಿನೀರಿಗೆ ಹಾಕಿ, ಸೋಪು ಹಚ್ಚಿ ಸ್ನಾನ ಮಾಡಿ. ನಾದಿನಿಗೆ ಇದನ್ನೆಲ್ಲ ಹೇಳಿದರೆ "ಅತ್ತಿಗೆ, ನೀವು ಜಾಸ್ತಿ ಹೆದರುತ್ತೀರಿ" ಅನ್ನುತ್ತಾಳೆ. ಹೆದರಿಕೆಯಲ್ಲ ಇದು. ಕಾಡಿನ ಪಕ್ಕ ಇರುವವರು ನಿತ್ಯ ಪಾಲಿಸುವ ಶಿಸ್ತು. ಹೊರಗಿನಿಂದ ಬರುವವರಿಗೆ ಅದನ್ನು ನಾವೇ ಹೇಳಿಕೊಡಬೇಕು.

ಮಕ್ಕಳು, ಮುದುಕರು ಇರುವ ಮನೆಗೆ ಕಾಡಿನ ಹುಲ್ಲು ತುಳಿಯದೆ ಕಾಡು ನೋಡುವಂಥ ಜಾಗವೇ ಸರಿ ಅಂತ ನಾನು ಪಟ್ಟು ಹಿಡಿಯುವುದು ಇದಕ್ಕೇ. ಅಂಥ ಜಾಗ ತುಂಗೆಯ ದಂಡೆಯಲ್ಲಿ ಸಾಲಾಗಿ ಸಿಗುತ್ತದೆ.

ಸಕ್ರೆಬೈಲು ಶಿವಮೊಗ್ಗದಿಂದ ಹದಿನಾಲ್ಕು ಕಿಲೋಮೀಟರ್ ಆಸುಪಾಸು, ಗಾಜನೂರು ದಾಟಿದರೆ ಸಿಗುತ್ತದೆ. ತೀರ್ಥಹಳ್ಳಿ ಬಸ್ಸೂ ಆ ಮುಂದೆಯೇ ಹೋಗುತ್ತದೆ, ಕಾರಿಲ್ಲದವರಿಗೂ ತೊಂದರೆಯಿಲ್ಲ. ಇಲ್ಲಿ ಒಂದೇ ನಿಯಮ. ಬೆಳಿಗ್ಗೆ ಎಂಟೂವರೆಗೆ ಅಲ್ಲಿರಿ. ಹನ್ನೊಂದರ ಹೊತ್ತಿಗೆ ಆನೆಗಳು ಮತ್ತೆ ಕಾಡಿನ ದಾರಿ ಹಿಡಿಯುತ್ತವೆ. ತಡವಾಗಿ ಹೋದವರು ಖಾಲಿ ದಂಡೆ ನೋಡಿ ಬರಬೇಕಾಗುತ್ತದೆ. ತಿಂಡಿ ಮನೆಯಲ್ಲಿ ಕೂತು ತಿನ್ನುತ್ತೇವೆ ಅನ್ನುವವರನ್ನು ಹೇಗಾದರೂ ಎಬ್ಬಿಸಿ ಹೊರಡಿಸಿ. ಇಡ್ಲಿ ಡಬ್ಬಿಗೆ ಹಾಕಿಕೊಂಡರಾಯಿತು.

ಬಿಡಾರದ ಆನೆಗಳಲ್ಲಿ ತೋಟ, ಗದ್ದೆಗೆ ನುಗ್ಗಿ ಸೆರೆ ಸಿಕ್ಕವೂ ಇವೆ, ಅಲ್ಲೇ ಹುಟ್ಟಿದವೂ ಇವೆ. ರಾತ್ರಿ ಅವುಗಳನ್ನು ಶೆಟ್ಟಿಹಳ್ಳಿ ಕಾಡಿಗೆ ಮೇಯಲು ಬಿಡುತ್ತಾರೆ. ಬೆಳಿಗ್ಗೆ ಮಾವುತರು, ಅವರ ಸಹಾಯಕರಾದ ಕಾವಾಡಿಗಳು ಸರಪಳಿ ಎಳೆದುಕೊಂಡು ಹೋದ ಗುರುತು ಹಿಡಿದು ಹುಡುಕಿ ಕರೆತರುತ್ತಾರೆ. ಆಮೇಲೆ ನದಿಯಲ್ಲಿ ಸ್ನಾನ. ನಾವು ನೋಡಿದ ಹೆಣ್ಣಾನೆ ನೀರಿಗಿಳಿದು, ಮಾವುತ ಒಂದು ಮಾತು ಹೇಳಿದ್ದೇ ತಡ, ಮಗ್ಗುಲಾಗಿ ಮಲಗಿತು. ಇಡೀ ಮೈ ನೀರಿನಲ್ಲಿ. ಸೊಂಡಿಲಿನ ತುದಿ ಮಾತ್ರ ಮೇಲೆ, ಅದರಲ್ಲಿ ಬುಸ್ ಅಂತ ಉಸಿರು. ಮಾವುತ ಅದರ ಪಕ್ಕೆಯ ಮೇಲೆ ಕೂತು ಕಿವಿಯ ಹಿಂದೆ ಉಜ್ಜುತ್ತಿದ್ದ. ಮಣ್ಣು ತೊಳೆದು ಹೋದಂತೆ ಕಿವಿಯ ಅಂಚಿನ ಗುಲಾಬಿ ಬಣ್ಣ, ಅದರ ಮೇಲಿನ ಕಂದು ಚುಕ್ಕೆ ಒಂದೊಂದೇ ಕಾಣಿಸಿದವು. ಆನೆ ಕಣ್ಣು ಅರೆ ಮುಚ್ಚಿತ್ತು. ಮಗಳು ಮಾತೇ ಆಡಲಿಲ್ಲ. ಅತ್ತೆ ದಂಡೆಯಲ್ಲಿ ಕೂತಲ್ಲಿಂದಲೇ ಎಲ್ಲ ನೋಡಿದರು. ಒಂದು ಹೆಜ್ಜೆ ಹತ್ತಬೇಕಿರಲಿಲ್ಲ, ಇಳಿಯಬೇಕಿರಲಿಲ್ಲ.

ಸ್ನಾನ ಮುಗಿದ ಮೇಲೆ ಭತ್ತದ ಹುಲ್ಲಿನಲ್ಲಿ ಅಕ್ಕಿ, ಬೆಲ್ಲ ಇಟ್ಟು ಉಂಡೆ ಕಟ್ಟಿ ತಿನ್ನಿಸುತ್ತಾರೆ. ಮರಿಯಾನೆ ಇದ್ದರಂತೂ ಮಕ್ಕಳು ಅಲ್ಲಿಂದ ಕದಲುವುದಿಲ್ಲ. ಕಟ್ಟೆಯ ಆಚೆಯೇ ನಿಲ್ಲಿ, ಫೋಟೋಗೆ ಅಂತ ಆನೆಯ ಪಕ್ಕ ನುಗ್ಗಬೇಡಿ. ಪಳಗಿದ್ದಾದರೂ ಅದು ಆನೆಯೇ.

ಅಲ್ಲಿಂದ ಅದೇ ರಸ್ತೆಯಲ್ಲಿ ಮುಂದೆ ಮಂಡಗದ್ದೆ. ಶಿವಮೊಗ್ಗಕ್ಕೂ ತೀರ್ಥಹಳ್ಳಿಗೂ ಸರಿಸುಮಾರು ನಡುವೆ. ತುಂಗೆಯ ನಡುವಿನ ಪುಟ್ಟ ನಡುಗಡ್ಡೆಯ ಮರಗಳಲ್ಲಿ ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿ ಗೂಡು ಕಟ್ಟುತ್ತವೆ. ರಸ್ತೆ ಪಕ್ಕದ ವೀಕ್ಷಣಾ ಗೋಪುರದಿಂದ ಕಾಣುತ್ತದೆ. ಹತ್ತಲಾಗದವರಿಗೆ ದಂಡೆಯಿಂದಲೂ ಕಾಣುತ್ತದೆ. ಹಾವಕ್ಕಿ ಮೀನು ಹಿಡಿದು ಬಂದು, ರೆಕ್ಕೆ ಪೂರ್ತಿ ಬಿಚ್ಚಿ ಬಿಸಿಲಿಗೆ ಒಣಗಿಸಿಕೊಳ್ಳುತ್ತಾ ಕೂರುತ್ತದೆ. ಮಗ ಅದನ್ನು ಬೈನಾಕ್ಯುಲರ್‌ನಲ್ಲಿ ನೋಡಿ ಅಜ್ಜಿಗೂ ತೋರಿಸಿದ. ಜುಲೈಯಿಂದ ಅಕ್ಟೋಬರ್‌ವರೆಗೆ ಹೋದರೆ ಮರವೆಲ್ಲ ಬಿಳಿ. ಬೇಸಿಗೆಯಲ್ಲಿ ಸುಮ್ನೆ ಹೋಗಬೇಡಿ, ಹಕ್ಕಿ ಇರುವುದಿಲ್ಲ. ಸೊರಬದ ಗುಡವಿ ಇನ್ನೂ ದೊಡ್ಡ ಪಕ್ಷಿಧಾಮ. ಆದರೆ ಶಿವಮೊಗ್ಗದಿಂದ ಹೋಗಿ ಬರುವುದರಲ್ಲೇ ದಿನ ಕಳೆಯುತ್ತದೆ.

ಊಟ ನಾವು ತೀರ್ಥಹಳ್ಳಿ ಹತ್ತಿರದ ನೆಂಟರ ಮನೆ ಜಗಲಿಯಲ್ಲಿ ಮುಗಿಸುತ್ತೇವೆ. ಬುತ್ತಿ ಚಿತ್ರಾನ್ನ, ಮೊಸರನ್ನ, ಜೊತೆಗೆ ಮಿಡಿ ಉಪ್ಪಿನಕಾಯಿ. ನೆಂಟರಿಲ್ಲದವರು ತೀರ್ಥಹಳ್ಳಿ ಪೇಟೆಯಲ್ಲಿ ಉಣ್ಣಬಹುದು. ಮಧ್ಯಾಹ್ನ ಚಿಬ್ಬಲಗುಡ್ಡೆಗೆ ಹೋಗಿ. ಗಣಪತಿ ದೇವಸ್ಥಾನದ ಕೆಳಗೆ ತುಂಗೆಯಲ್ಲಿ ಮೀನು ಹಿಂಡುಹಿಂಡಾಗಿ ಇವೆ. ಹಿಡಿಯುವಂತಿಲ್ಲ, ಅದಕ್ಕೇ ಮನುಷ್ಯರ ಭಯವಿಲ್ಲದೆ ದಡಕ್ಕೇ ಬರುತ್ತವೆ. ಮೆಟ್ಟಿಲು ಜಾರುತ್ತದೆ, ಮಕ್ಕಳ ಕೈ ಬಿಡಬೇಡಿ.

ಖರ್ಚು ಅಂದರೆ ಪೆಟ್ರೋಲು, ಬಿಡಾರದ ಟಿಕೆಟ್, ಸಂಜೆಯ ಕಾಫಿ. ಲಕ್ಕವಳ್ಳಿಯ ಒಂದು ಸಫಾರಿಗೆ ಕೊಡುವ ದುಡ್ಡಿನಲ್ಲಿ ಇಂಥ ದಿನ ಎರಡು ಮೂರು ಸಲ ಕಳೆಯಬಹುದು. ಆಗುಂಬೆಯಲ್ಲಿ ಸೂರ್ಯಾಸ್ತ ನೋಡಿ ಹೊರಟರೆ ತೊಂಬತ್ತು ಕಿಲೋಮೀಟರ್ ಕತ್ತಲಲ್ಲಿ ಬರಬೇಕು. ಇಲ್ಲಿ ಆ ಗೋಜಿಲ್ಲ.

ಮಕ್ಕಳು ಹೈಸ್ಕೂಲು ದಾಟಿದ ಮೇಲೆ ಭದ್ರಾ ಹಿನ್ನೀರಿನ ದೋಣಿಗೆ ದುಡ್ಡು ಕೂಡಿಟ್ಟು ಹೋಗುತ್ತೇನೆ. ಫೆಬ್ರವರಿ, ಮಾರ್ಚ್ ನನ್ನ ಆಯ್ಕೆ. ಆಗುಂಬೆಗೆ ಹೋಗುವುದಾದರೆ ನವೆಂಬರ್. ಮಳೆ ನಿಂತಿರುತ್ತದೆ, ಮಂಗನ ಕಾಯಿಲೆಯ ಕಾಲ ಇನ್ನೂ ಜೋರಾಗಿರುವುದಿಲ್ಲ, ಆಕಾಶವೂ ತಿಳಿಯಾಗಿರುತ್ತದೆ. ಆಗಲೂ ಅತ್ತೆಯನ್ನು ಟಾರು ರಸ್ತೆ ಬಿಟ್ಟು ಇಳಿಸುವುದಿಲ್ಲ.

ಸಕ್ರೆಬೈಲಿಗೆ ಹೋಗುವವರಿಗೆ ಇನ್ನೊಂದು ಮಾತು. ದಸರಾ ರಜೆ ಅಂತ ಎಲ್ಲರೂ ಆಗಲೇ ಹೊರಡುತ್ತಾರೆ. ಶಿವಮೊಗ್ಗ ದಸರಾದ ಅಂಬಾರಿಗೆ ಬರುವುದು ಇದೇ ಬಿಡಾರದ ಆನೆಗಳು. ಆ ದಿನಗಳಲ್ಲಿ ಕೆಲವು ಆನೆ ಪೇಟೆಯಲ್ಲಿರುತ್ತವೆ. ಹಬ್ಬಕ್ಕೆ ಒಂದು ವಾರ ಮುಂಚೆಯೋ, ಮುಗಿದ ಮೇಲೋ ಹೋಗಿ. ಭಾನುವಾರ ಬಿಟ್ಟು ಬೇರೆ ದಿನವಾದರೆ ಇನ್ನೂ ಒಳ್ಳೆಯದು, ಅಜ್ಜಿಗೆ ದಂಡೆಯಲ್ಲಿ ಕೂರಲು ಜಾಗ ಸಿಗುತ್ತದೆ.