ಹಳೇ ರೋಡ್ ಬೈಕಿಗೆ 34 ಹಲ್ಲಿನ ಕ್ಯಾಸೆಟ್: ಚಾಮುಂಡಿ ಬೆಟ್ಟ ಈಗ ಪರವಾಗಿಲ್ಲ

ನನ್ನ ರೋಡ್ ಬೈಕ್ 2009ರದ್ದು. ಗೇರ್ ಸೆಟ್ ಶಿಮಾನೊ 105, ಆಗಿನ 5600 ಸರಣಿ, ಹಿಂದೆ 10 ಸ್ಪೀಡ್, ಅಂದರೆ ಹತ್ತು ಹಲ್ಲುಚಕ್ರ. ಮುಂದೆ 53 ಮತ್ತು 39 ಹಲ್ಲು, ಹಿಂದಿನ ಕ್ಯಾಸೆಟ್ (ಹಲ್ಲುಚಕ್ರಗಳ ಗೊಂಚಲು) 12ರಿಂದ 25. ಕೊಂಡಾಗ ಮಂಡಿಗಳು ಹೇಳಿದ ಮಾತು ಕೇಳುತ್ತಿದ್ದವು. ಈಗ ಚಾಮುಂಡಿ ಬೆಟ್ಟದ ಅರ್ಧಕ್ಕೆ ಬರುವಷ್ಟರಲ್ಲಿ ಸೀಟು ಬಿಟ್ಟು ನಿಂತೇ ತುಳಿಯಬೇಕು, ಬಲಮಂಡಿ ಚುಳುಕ್ ಅನ್ನುತ್ತದೆ. "ರೀ, ಗೇರ್ ಬದಲಾಯಿಸೋ ಬದಲು ರಾತ್ರಿ ಎರಡು ಚಪಾತಿ ಕಮ್ಮಿ ತಿನ್ನಿ" ಅಂದಳು ನನ್ನ ಹೆಂಡತಿ. ಬಿಟ್ಟಿ ಸಲಹೆ, ಹಾಗಾಗಿ ಕೇಳಲಿಲ್ಲ.

ಲೆಕ್ಕ ಹಾಕಿ ನೋಡಿದೆ. 39ಕ್ಕೆ 25 ಹಾಕಿದರೆ ಪೆಡಲ್ ಒಂದು ಸುತ್ತು ಬರುವಷ್ಟರಲ್ಲಿ ಸೈಕಲ್ ಸುಮಾರು 3.3 ಮೀಟರ್ ಮುಂದೆ ಹೋಗುತ್ತದೆ. ನಿಮಿಷಕ್ಕೆ 60 ಸುತ್ತು ತುಳಿಯಬೇಕಾದರೆ ಗಂಟೆಗೆ ಹತ್ತಿರ ಹತ್ತಿರ 12 ಕಿ.ಮೀ. ವೇಗ ಬೇಕು. ಏರಿನಲ್ಲಿ ನನ್ನ ವೇಗ 9. ಅಂದರೆ 45 ಸುತ್ತು. ಮಂಡಿ ಕೂಗದೆ ಇನ್ನೇನು ಮಾಡುತ್ತೆ? ಹಿಂದೆ 34 ಹಲ್ಲು ಬಂದರೆ ಒಂದು ಸುತ್ತಿಗೆ 2.4 ಮೀಟರ್. ಅದೇ 9ರ ವೇಗದಲ್ಲಿ 60 ಸುತ್ತು ದಾಟುತ್ತದೆ.

ಮುಂದಿನ 39ನ್ನೇ ಚಿಕ್ಕದು ಮಾಡಬಹುದಲ್ವಾ ಅಂತ ನೀವು ಕೇಳಬಹುದು. ಆಗಲ್ಲ. ಹಳೇ ಕ್ರ್ಯಾಂಕಿನ (ಪೆಡಲ್ ಕೂರುವ ತೋಳಿನ) ಬೋಲ್ಟ್‌ಗಳು 130 ಮಿ.ಮೀ. ವೃತ್ತದಲ್ಲಿವೆ, ಅದರಲ್ಲಿ 38ಕ್ಕಿಂತ ಕಡಿಮೆ ಹಲ್ಲಿನ ರಿಂಗ್ ಕೂರುವುದಿಲ್ಲ. ಕ್ರ್ಯಾಂಕನ್ನೇ ಬದಲಾಯಿಸಬೇಕು. ಸದ್ಯಕ್ಕೆ ಬೇಡ ಅಂದುಕೊಂಡೆ.

ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ದಾಟಿಸುವ ಹಿಂದಿನ ಡಿರೇಲರ್ ಮಾತ್ರ ಬದಲಾಯಿಸಲೇಬೇಕಿತ್ತು. 5600ಕ್ಕೆ ಕಂಪನಿ ಹೇಳುವ ಮಿತಿ 27 ಹಲ್ಲು. ಇಲ್ಲೇ ನಾನು ಮೋಸಹೋದೆ. ಒಂದು ಅಂಗಡಿಯವರು "ನಿಮ್ಮದು 10 ಸ್ಪೀಡ್, ಇದೂ 10 ಸ್ಪೀಡ್, ಸುಮ್ನೆ ಹಾಕಿ ಸರ್" ಅಂತ ಮೌಂಟನ್ ಬೈಕಿನ 10 ಸ್ಪೀಡ್ ಡಿರೇಲರ್, ಶಿಮಾನೊ ಡಿಯೋರ್, ಕೊಟ್ಟರು. 34ರ ಕ್ಯಾಸೆಟ್ ಜೊತೆ ಫಿಟ್ ಮಾಡಿ ಸ್ಟ್ಯಾಂಡಿಗೆ ಹಾಕಿ ತಿರುಗಿಸಿದರೆ ಶಿಫ್ಟರಿನ (ಹ್ಯಾಂಡಲ್ಲಿನ ಗೇರ್ ಲಿವರ್) ಕ್ಲಿಕ್ಕೆಲ್ಲ ಮುಗಿದರೂ ಚೈನ್ 23ರ ಹತ್ತಿರ ಕಟಕಟ ಅನ್ನುತ್ತ ನಿಂತಿತ್ತು. ಅದರ ಪಕ್ಕ ಇನ್ನೂ 26, 30, 34 ಖಾಲಿ ಕೂತಿದ್ದವು! ಆ ಡಿರೇಲರ್‌ಗೆ ಪ್ರತಿ ಕ್ಲಿಕ್ಕಿಗೂ ಕೇಬಲ್ ಜಾಸ್ತಿ ಎಳೆಯಬೇಕು, ರೋಡ್ ಶಿಫ್ಟರ್ ಅಷ್ಟು ಎಳೆಯುವುದಿಲ್ಲ. ವಾಪಸ್ ಕೊಡಲು ಹೋದರೆ "ಫಿಟ್ ಮಾಡಿದ ಮೇಲೆ ತಗೊಳ್ಳಲ್ಲ" ಅಂದರು. 3,200 ರೂಪಾಯಿ.

ನಮ್ಮ ಬೀದಿ ಕೊನೆಯ ಮೆಕ್ಯಾನಿಕ್ ಹುಡುಗ ನೋಡಿದ ಕೂಡಲೇ ನಕ್ಕ. "ಸರ್, ನಿಮ್ಮ ಶಿಫ್ಟರ್‌ಗೆ ಮೌಂಟನ್ ಬೈಕಿಂದೇ ಬೇಕು, ಆದ್ರೆ 9 ಸ್ಪೀಡಿಂದು." ಕೇಳಲು ತಲೆಕೆಳಗು ಅನ್ನಿಸುತ್ತೆ. ಆದರೆ ಹಳೇ 10 ಸ್ಪೀಡ್ ರೋಡ್ ಶಿಫ್ಟರಿಗೂ 9 ಸ್ಪೀಡ್ ಮೌಂಟನ್ ಡಿರೇಲರಿಗೂ ಎಳೆತದ ಲೆಕ್ಕ ಒಂದೇ. ಎಷ್ಟು ಸ್ಪೀಡ್ ಅನ್ನುವುದು ಕ್ಯಾಸೆಟ್, ಚೈನ್, ಶಿಫ್ಟರ್ ನೋಡಿಕೊಳ್ಳುವ ವಿಷಯ. 9 ಸ್ಪೀಡಿನ ಶಿಮಾನೊ ಆಲಿವಿಯೊ ಡಿರೇಲರ್ ತರಿಸಿದೆ, 2,300. 11-34ರ 10 ಸ್ಪೀಡ್ ಕ್ಯಾಸೆಟ್ 2,900. ಹೊಸ ಚೈನ್ 1,700. ಕೇಬಲ್, ಕೂಲಿ ಸೇರಿ 600.

ಹಳೇ ಚೈನನ್ನೇ ಉಳಿಸಿಕೊಳ್ಳೋಣ ಅಂದಿದ್ದೆ. ಹುಡುಗ ಅದನ್ನು ಡಿರೇಲರ್ ಒಳಗೆ ಹಾಯಿಸದೆ ಮುಂದಿನ 53ಕ್ಕೂ ಹಿಂದಿನ 34ಕ್ಕೂ ಸುತ್ತಿ ತೋರಿಸಿದ. ಎರಡು ತುದಿ ಮುಟ್ಟಲೇ ಇಲ್ಲ. ಹಾಗೇ ಜೋಡಿಸಿ ಎಲ್ಲಾದರೂ ಮರೆತು ದೊಡ್ಡದಕ್ಕೆ ದೊಡ್ಡದು ಹಾಕಿದ್ದರೆ ಡಿರೇಲರ್ ನೇತಾಡುವ ಹ್ಯಾಂಗರ್ ಕಿತ್ತುಕೊಂಡು ಬರುತ್ತಿತ್ತು. ಹೊಸ ಚೈನನ್ನು ಹಾಗೇ ಸುತ್ತಿ, ಎರಡು ಕೊಂಡಿ ಹೆಚ್ಚಿಗೆ ಬಿಟ್ಟು ಕತ್ತರಿಸಿದ. ಆಮೇಲೆ ಡಿರೇಲರಿನ ಮೇಲಿನ ಪುಟ್ಟ ಗಾಲಿ 34ಕ್ಕೆ ತಾಗಿ ಗರಗರ ಅಂತಿತ್ತು. ಡಿರೇಲರ್ ಹಿಂಬದಿಯ ಸ್ಕ್ರೂ ನಾಲ್ಕು ಸುತ್ತು ಬಿಗಿದ ಮೇಲೆ ಸದ್ದಡಗಿತು.

ಮಾರನೇ ದಿನ ಬೆಳಗ್ಗೆ ಆರಕ್ಕೆ ಬೆಟ್ಟ. ಕಡಿದಾದ ತಿರುವಿನಲ್ಲೂ ಕೂತೇ ತುಳಿದೆ. ವೇಗವೇನೂ ಹೆಚ್ಚಲಿಲ್ಲ, ಇಬ್ಬರು ಹುಡುಗರು ಮಾತಾಡಿಕೊಂಡೇ ನನ್ನನ್ನು ದಾಟಿ ಹೋದರು. ಆದರೆ ಮೇಲೆ ಇಳಿದಾಗ ಮಂಡಿ ಸುಮ್ಮನಿತ್ತು. ಮಹಿಷಾಸುರನ ಎದುರು ನಿಂತು ನೀರು ಕುಡಿದು, ಕುಂಟದೆ ಮನೆಗೆ ಬಂದೆ.

ಕೊರತೆಯೂ ಇದೆ. ಮೊದಲು 12, 13, 14, 15, 16, 17 ಅಂತ ಒಂದೊಂದೇ ಹಲ್ಲು ಏರುತ್ತಿತ್ತು. ಈಗ 11, 13, 15, 17. ನಂಜನಗೂಡು ರಸ್ತೆಯಲ್ಲಿ ಎದುರುಗಾಳಿ ಬಂದರೆ 15 ಭಾರ, 17 ಹಗುರ. ಆ 16 ಎಷ್ಟು ನೆನಪಾಗುತ್ತೋ! ದಿನಾ ಸಮತಟ್ಟು ರಸ್ತೆಯಲ್ಲಿ ಗುಂಪಿನ ಜೊತೆ ಓಡಿಸುವವರಿಗೆ ಇದನ್ನು ಹೇಳಲಾರೆ. ನೋಡಲೂ ಅಂದವಿಲ್ಲ. ಸಪೂರ ಸೈಕಲ್ಲಿಗೆ ಡಿರೇಲರಿನ ಆ ಉದ್ದ ಕೇಜು ಕೊಕ್ಕರೆ ಕಾಲಿನ ಹಾಗೆ ನೇತಾಡುತ್ತದೆ.

ಇನ್ನು ಕಲ್ಲಟ್ಟಿ ಘಾಟಿ. ಕಾರಿನಲ್ಲಿ ಮಸಿನಗುಡಿವರೆಗೆ ಹೋಗಿ ಅಲ್ಲಿಂದ ಊಟಿ ಕಡೆ ಹತ್ತಿದೆ. 36 ಹೇರ್‌ಪಿನ್ ತಿರುವು. ಎರಡು ಕಡೆ ಇಳಿದು ತಳ್ಳಿದೆ, ನಾಚಿಕೆಯೇನಿಲ್ಲ. ಅಂಥ ಏರಿಗೆ ಮುಂದೆಯೂ 34 ಬೇಕು, ಕ್ರ್ಯಾಂಕ್ ಖರ್ಚು ತಪ್ಪಿದ್ದಲ್ಲ. ಚಾಮುಂಡಿ ಬೆಟ್ಟಕ್ಕೆ ಈ 7,500 ರೂಪಾಯಿ ಸಾಕು. ಐದಕ್ಕೆ ನಾಲ್ಕು ಸ್ಟಾರ್.

ಆ 10 ಸ್ಪೀಡ್ ಡಿಯೋರ್ ಇನ್ನೂ ಡಬ್ಬದಲ್ಲೇ ಇದೆ, ಒಂದೇ ಸಲ ಹಾಕಿ ಬಿಚ್ಚಿದ್ದು. 10 ಸ್ಪೀಡ್ ಮೌಂಟನ್ ಬೈಕ್ ಇಟ್ಟುಕೊಂಡವರು ಯಾರಾದರೂ ಇದ್ದರೆ ಹೇಳಿ, ಅರ್ಧ ರೇಟಿಗೆ ಕೊಡುತ್ತೇನೆ.